ಕುಕೀ ಮತ್ತು ನಮ್ಮ ಖಾಸಗಿತನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ನಾನು ದೊಡ್ಡವರಿಗೆ ಕಂಪ್ಯೂಟರ್, ಮೊಬೈಲ್ ಹೇಳಿಕೊಡುತ್ತೇನೆ. ಅಂಗಡಿ ನಡೆಸುವವರು, ನಿವೃತ್ತರಾದ ಮೇಷ್ಟ್ರು, ಮಕ್ಕಳು ಹೊರದೇಶದಲ್ಲಿರುವ ಅಮ್ಮಂದಿರು ಬರುತ್ತಾರೆ. "ಮೇಡಂ, ಸೈಟ್ ತೆಗೆದ್ರೆ ಸಾಕು ಕುಕೀಸ್ ಅಂತ ಬರುತ್ತಲ್ಲ, ಅದನ್ನ ಒತ್ತಬೇಕಾ ಬೇಡವಾ?" ಈ ಪ್ರಶ್ನೆ ಬಾರದ ವಾರವೇ ಇಲ್ಲ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಕುಕೀ ಅಂದರೆ ನಿಜವಾಗಿ ಏನು?

ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇರುತ್ತದಲ್ಲ, ಅಲ್ಲಿ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರೆ. ಅದರ ಮೇಲೆ 47 ಅಂತಷ್ಟೇ ಇರುತ್ತದೆ. ನಿಮ್ಮ ಹೆಸರಿಲ್ಲ, ಊರಿಲ್ಲ. ಆದರೆ ದರ್ಶನ ಮುಗಿಸಿ ಬಂದು ಅದನ್ನು ತೋರಿಸಿದ ತಕ್ಷಣ ನಿಮ್ಮ ಜೋಡಿ ಯಾವ ಗೂಡಿನಲ್ಲಿದೆ ಅಂತ ಸ್ಟ್ಯಾಂಡಿನವರಿಗೆ ಗೊತ್ತಾಗುತ್ತದೆ.

ಕುಕೀ ಅಂಥದ್ದೇ ಒಂದು ಟೋಕನ್. ಸೈಟ್ ಅದನ್ನು ನಿಮ್ಮ ಬ್ರೌಸರ್ (ಸೈಟ್ ತೆರೆಯಲು ಬಳಸುವ ಕ್ರೋಮ್‌ನಂಥ ಸಾಫ್ಟ್‌ವೇರ್) ಕೈಗೆ ಕೊಡುತ್ತದೆ. ಮುಂದಿನ ಸಲ ಅದೇ ಸೈಟಿಗೆ ಹೋದಾಗ ಬ್ರೌಸರ್ ತಾನಾಗಿಯೇ ಅದನ್ನು ತೋರಿಸುತ್ತದೆ. "ಓ, ಇವರು ನಿನ್ನೆ ಬಂದವರೇ" ಅಂತ ಸೈಟಿಗೆ ತಿಳಿಯುತ್ತದೆ. ಟೋಕನ್ ಇಲ್ಲದಿದ್ದರೆ ಪ್ರತಿ ಪುಟಕ್ಕೂ ನೀವು ಹೊಸಬರೇ. ಒಂದು ಪುಟದಲ್ಲಿ ಲಾಗಿನ್ ಆಗಿ ಮುಂದಿನ ಪುಟಕ್ಕೆ ಹೋದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ.

ಇದನ್ನು ಮಾಡಿದ್ದು ಯಾರು?

ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲ್ಲಿ, 1994ರಲ್ಲಿ. ಆನ್‌ಲೈನ್ ಅಂಗಡಿಯಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋದಾಗಲೂ ಬುಟ್ಟಿಯಲ್ಲೇ ಉಳಿಯಬೇಕಿತ್ತು. ಅದಕ್ಕೆ ಅವರು ಹುಡುಕಿದ ದಾರಿ ಇದು. ಯುನಿಕ್ಸ್ ಅನ್ನುವ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಪ್ರೋಗ್ರಾಮರುಗಳು ಇಂಥ ಗುರುತಿನ ತುಣುಕಿಗೆ ಮೊದಲೇ 'ಮ್ಯಾಜಿಕ್ ಕುಕೀ' ಅನ್ನುತ್ತಿದ್ದರು, ಆ ಹೆಸರೇ ಇದಕ್ಕೂ ಬಂತು. ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ.

ನನಗೆ ಬೇಜಾರಾಗುವ ಸಂಗತಿ ಇನ್ನೊಂದಿದೆ. ಕುಕೀಯನ್ನು ದುರುಪಯೋಗ ಮಾಡಬಹುದು ಅಂತ ಆಗಲೇ ಗೊತ್ತಿತ್ತು. 1997ರಲ್ಲಿ ಬಂದ ಇಂಟರ್‌ನೆಟ್ ಮಾನದಂಡವೇ, ಹೊರಗಿನವರ (ಇವರು ಯಾರು ಅಂತ ಮುಂದೆ ಹೇಳುತ್ತೇನೆ) ಕುಕೀಗಳನ್ನು ಬಳಕೆದಾರರನ್ನು ಕೇಳದೆ ಬಿಟ್ಟುಕೊಳ್ಳಬೇಡಿ ಎಂದಿತ್ತು. ಆಗಿನ ದೊಡ್ಡ ಬ್ರೌಸರುಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎರಡೂ ಅದನ್ನು ಪಾಲಿಸಲಿಲ್ಲ. ಇವತ್ತು ನಾವು ಪಡುವ ಪಾಡಿಗೆ ಬೀಜ ಬಿದ್ದದ್ದು ಅಲ್ಲೇ.

ಎಲ್ಲ ಕುಕೀಗಳೂ ಕೆಟ್ಟವಾ?

ಇಲ್ಲ. ಲಾಗಿನ್ ಉಳಿಸುವುದು, ಭಾಷೆ ನೆನಪಿಡುವುದು, ಬಸ್ ಟಿಕೆಟ್ ಬುಕ್ ಮಾಡುವಾಗ ಆರಿಸಿದ ಸೀಟು ಹಿಡಿದಿಡುವುದು, ಇವೆಲ್ಲ ನಮಗೆ ಬೇಕಾದ ಕೆಲಸ. ಇವನ್ನು ಇಡುವುದು ನೀವು ತೆರೆದ ಸೈಟೇ. ತಕರಾರು ಇರುವುದು ಹೊರಗಿನವರು ಇಡುವ ಕುಕೀಗಳ ಮೇಲೆ.

ಹೊರಗಿನವರು ಅಂದರೆ ಯಾರು? ಅವರು ನನ್ನ ಬ್ರೌಸರ್ ಒಳಗೆ ಹೇಗೆ ಬಂದರು?

ಜಾತ್ರೆಗೆ ಹೋಗಿದ್ದೀರಿ ಅಂದುಕೊಳ್ಳಿ. ಬಳೆ ಅಂಗಡಿ, ಮಿಠಾಯಿ ಅಂಗಡಿ, ಪಾತ್ರೆ ಅಂಗಡಿ ಎಲ್ಲ ಬೇರೆ ಬೇರೆ ಯಜಮಾನರದ್ದು. ಆದರೆ ಪ್ರತಿ ಅಂಗಡಿಯ ಮೂಲೆಯಲ್ಲೂ ಒಂದೇ ಕಂಪನಿಯ ಹುಡುಗ ಒಂದು ಪುಸ್ತಕ ಹಿಡಿದು ಕೂತಿದ್ದಾನೆ. ಮೊದಲ ಅಂಗಡಿಯಲ್ಲಿ ನಿಮ್ಮ ಜೇಬಿಗೆ ಒಂದು ಟೋಕನ್ ಹಾಕಿದ. ಎರಡನೆಯ ಅಂಗಡಿಯ ಹುಡುಗ ಅದೇ ಟೋಕನ್ ನೋಡಿ ಬರೆದುಕೊಂಡ: '47ನೇ ನಂಬರು ಹಸಿರು ಬಳೆ ನೋಡಿತು, ಕೊಳ್ಳಲಿಲ್ಲ. ಈಗ ಕುಕ್ಕರ್ ಬೆಲೆ ಕೇಳುತ್ತಿದೆ.' ಜಾತ್ರೆ ಮುಗಿಯುವ ಹೊತ್ತಿಗೆ ನೀವು ಎಲ್ಲೆಲ್ಲಿ ನಿಂತಿರಿ, ಎಷ್ಟು ಹೊತ್ತು ನಿಂತಿರಿ, ಎಲ್ಲಾ ಒಂದೇ ಪುಸ್ತಕದಲ್ಲಿ.

ವೆಬ್‌ನಲ್ಲಿ ನಡೆಯುವುದು ಇದೇ. ನೀವು ಒಂದು ಸುದ್ದಿ ಸೈಟ್ ತೆರೆದಾಗ ಸುದ್ದಿ ಬರುವುದು ಆ ಸೈಟಿನಿಂದ. ಪಕ್ಕದ ಜಾಹೀರಾತು ಬರುವುದು ಬೇರೆ ಕಂಪನಿಯ ಸರ್ವರ್‌ನಿಂದ. ಓದುಗರನ್ನು ಎಣಿಸುವ ಕೋಡ್ ಮತ್ತೊಂದು ಕಡೆಯಿಂದ. ಲೈಕ್ ಬಟನ್ ಇನ್ನೆಲ್ಲಿಂದಲೋ. ಇವುಗಳಲ್ಲಿ ಪ್ರತಿಯೊಂದೂ ತನ್ನದೇ ಕುಕೀ ಇಡಬಹುದು. ಇವನ್ನೇ ಥರ್ಡ್ ಪಾರ್ಟಿ ಕುಕೀ ಅನ್ನುವುದು. ಅದೇ ಜಾಹೀರಾತು ಕಂಪನಿ ಅಡುಗೆ ಸೈಟಿನಲ್ಲೂ, ಕ್ರಿಕೆಟ್ ಸೈಟಿನಲ್ಲೂ, ಆರೋಗ್ಯದ ಸೈಟಿನಲ್ಲೂ ಇದ್ದರೆ ನಿಮ್ಮ ಓಡಾಟವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಬಹುದು. ನೀವು ಅದರ ಹೆಸರನ್ನೂ ಕೇಳಿರುವುದಿಲ್ಲ, ಅಲ್ವಾ?

ಎಷ್ಟೋ ಸಲ ಕಣ್ಣಿಗೆ ಕಾಣುವ ಜಾಹೀರಾತೂ ಇರಬೇಕಾಗಿಲ್ಲ. ಒಂದು ಚುಕ್ಕಿಯಷ್ಟು ಗಾತ್ರದ, ಬಣ್ಣವೇ ಇಲ್ಲದ ಚಿತ್ರ ಪುಟದಲ್ಲಿದ್ದರೆ ಸಾಕು. ಬ್ರೌಸರ್ ಆ ಚಿತ್ರ ತರಲು ಹೋದಾಗಲೇ ಟೋಕನ್ ತೋರಿಸಿ ಆಗಿರುತ್ತದೆ.

ಇದನ್ನು ನಾನು ಕಣ್ಣಾರೆ ನೋಡಬಹುದಾ?

ಖಂಡಿತ. ತರಗತಿಯಲ್ಲಿ ನಾನು ಮಾಡಿಸುವ ಮೊದಲ ಕೆಲಸವೇ ಇದು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಯಾವುದಾದರೂ ಸುದ್ದಿ ಸೈಟಿಗೆ ಹೋಗಿ. ಎಫ್12 ಕೀ ಒತ್ತಿ. ಬಲಗಡೆ ಒಂದು ಕಿಟಕಿ ತೆರೆಯುತ್ತದೆ. ನೋಡಿ ಗಾಬರಿ ಬೇಡ, ಏನೂ ಕೆಡುವುದಿಲ್ಲ. ಮೇಲಿನ ಸಾಲಿನಲ್ಲಿ ಅಪ್ಲಿಕೇಶನ್ ಅಂತ ಇರುತ್ತದೆ, ಅದರ ಕೆಳಗೆ ಕುಕೀಸ್. ಒತ್ತಿದರೆ ಒಂದು ಪಟ್ಟಿ ಬರುತ್ತದೆ.

ಒಂದೊಂದು ಸಾಲು ಒಂದೊಂದು ಕುಕೀ. ಮೊದಲು ಹೆಸರು. ಆಮೇಲೆ ಅರ್ಥವೇ ಆಗದ ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಅದೇ ನಿಮ್ಮ ಟೋಕನ್ ನಂಬರು. ಪಕ್ಕದಲ್ಲಿ ಡೊಮೈನ್ ಅನ್ನುವ ಕಾಲಂ ಇದೆ. ಅದರ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ನೀವು ತೆರೆದ ಸೈಟಿನ ಹೆಸರು ಕೆಲವು ಸಾಲಿನಲ್ಲಿರುತ್ತದೆ. ಉಳಿದ ಕಡೆ ಬೇರೆಯವರ ಹೆಸರು ಕಂಡರೆ, ಅದೇ ಮೂಲೆಯಲ್ಲಿ ಕೂತ ಹುಡುಗ. ಡಬಲ್‌ಕ್ಲಿಕ್ ಅನ್ನುವ ಹೆಸರು ಕಾಣುವುದು ಬಹಳ ಸಾಮಾನ್ಯ. ಅದು 1990ರ ದಶಕದಲ್ಲಿ ಶುರುವಾದ ಜಾಹೀರಾತು ಕಂಪನಿ, 2008ರಲ್ಲಿ ಗೂಗಲ್ ಕೈ ಸೇರಿತು. ಕೊನೆಗೆ ಎಕ್ಸ್‌ಪೈರ್ಸ್ ಅನ್ನುವ ಕಾಲಂ, ಅಂದರೆ ಆ ಟೋಕನ್ ಯಾವಾಗ ಸಾಯುತ್ತದೆ ಅನ್ನುವ ತಾರೀಖು. ಕ್ರೋಮ್‌ನಲ್ಲಿ ಇದು ಹೆಚ್ಚೆಂದರೆ 400 ದಿನ. ಆದರೆ ಸೈಟಿಗೆ ಮತ್ತೆ ಹೋದಾಗ ಆಯಸ್ಸು ಹೊಸದಾಗಿ ಶುರುವಾಗಬಹುದು.

ಒಬ್ಬರು ಮೇಷ್ಟ್ರು ಈ ಪಟ್ಟಿಯನ್ನು ಸುಮ್ನೆ ಎರಡು ನಿಮಿಷ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಾನು ಓದಿದ್ದು ಒಂದೇ ಸುದ್ದಿ" ಅಂದರು.

ನೋಡಿಕೊಳ್ಳಲಿ ಬಿಡಿ, ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?

ನಾನೂ ಹೀಗೇ ಅನ್ನುತ್ತಿದ್ದೆ. ಅಪ್ಪನ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ರಿಪೋರ್ಟ್ ಕೈಗೆ ಬಂದ ವಾರ ಅದು ಬದಲಾಯಿತು. ಅಮ್ಮನಿಗೆ ಬಿಪಿ ಇದೆ, ಡಾಕ್ಟರ್ ಹತ್ತಿರ ಸರಿಯಾಗಿ ಮಾತಾಡಿ ಆಮೇಲೆ ಹೇಳೋಣ ಅಂತ ಅಪ್ಪನೂ ನಾನೂ ಸುಮ್ಮನಿದ್ದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿದ್ದ ಕಂಪ್ಯೂಟರಿನಲ್ಲಿ ಡಯಾಲಿಸಿಸ್ ಬಗ್ಗೆ ನಾಲ್ಕೈದು ಸೈಟ್ ಓದಿದೆ. ಮೂರನೇ ದಿನ ಅಮ್ಮ ಅದೇ ಕಂಪ್ಯೂಟರಿನಲ್ಲಿ ಹಬ್ಬದ ಅಡುಗೆ ಏನೋ ಹುಡುಕುತ್ತಿದ್ದಳು. ಹೋಳಿಗೆ ಮಾಡುವ ವಿಧಾನದ ಪಕ್ಕದಲ್ಲಿ ಡಯಾಲಿಸಿಸ್ ಕೇಂದ್ರದ ಜಾಹೀರಾತು. ಪುಟ ಬದಲಿಸಿದರೆ ಅಲ್ಲೂ ಅದೇ. ಅಡುಗೆಮನೆಗೆ ಬಂದು ಕೇಳಿದಳು, "ಯಾರಿಗೆ ಪುಟ್ಟಿ, ಡಯಾಲಿಸಿಸ್?"

ಯಾರೂ ಕದ್ದಿರಲಿಲ್ಲ, ಹ್ಯಾಕ್ ಮಾಡಿರಲಿಲ್ಲ. ಎಲ್ಲಾ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಆದರೆ ನಮ್ಮ ಮನೆಯ ಒಂದು ಮಾತು ಯಾವಾಗ, ಯಾರ ಬಾಯಿಂದ ಹೊರಬರಬೇಕು ಅನ್ನುವುದನ್ನು ನಾವು ತೀರ್ಮಾನ ಮಾಡಲು ಆಗಲಿಲ್ಲ. ಖಾಸಗಿತನ ಅಂದರೆ ತಪ್ಪು ಮುಚ್ಚಿಡುವುದಲ್ಲ. ಯಾರಿಗೆ ಏನು ಹೇಳಬೇಕು ಅನ್ನುವುದು ನಮ್ಮ ಕೈಯಲ್ಲಿರುವುದು. ಮನೆಗೆ ಬಾಗಿಲು ಹಾಕುವವರೆಲ್ಲ ಕಳ್ಳರಲ್ಲವಲ್ಲ.

ಕುಕೀಯಿಂದ ವೈರಸ್ ಬರುತ್ತದಾ? ಬ್ಯಾಂಕಿನ ದುಡ್ಡು ಹೋಗುತ್ತದಾ?

ಕುಕೀ ಬರೀ ಅಕ್ಷರಗಳು, ಪ್ರೋಗ್ರಾಂ ಅಲ್ಲ. ತಾನಾಗಿ ಏನನ್ನೂ ನಡೆಸಲಾರದು. ಹಾಗಾಗಿ ಅದರಿಂದ ವೈರಸ್ ಬರುವುದಿಲ್ಲ. ಆದರೆ ಟೋಕನ್ ಕದ್ದವರು ಚಪ್ಪಲಿ ಒಯ್ಯಬಹುದು. ನೀವು ಲಾಗಿನ್ ಆಗಿರುವಾಗಿನ ಕುಕೀಯನ್ನು ಯಾರಾದರೂ ನಕಲು ಮಾಡಿಕೊಂಡರೆ, ಪಾಸ್‌ವರ್ಡ್ ಇಲ್ಲದೆ, ಓಟಿಪಿ ಇಲ್ಲದೆ ನಿಮ್ಮ ಇಮೇಲ್ ಒಳಗೆ ಕೂರಬಹುದು. ಈ ಕಳ್ಳತನ ಸಾಮಾನ್ಯವಾಗಿ ಆಗುವುದು ಎಲ್ಲೋ ಸಿಕ್ಕ ಪುಕ್ಕಟೆ ಸಾಫ್ಟ್‌ವೇರ್, ಕ್ರ್ಯಾಕ್ ಮಾಡಿದ ಗೇಮ್, ಗೊತ್ತಿಲ್ಲದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿಕೊಂಡಾಗ. ಅನುಮಾನ ಬಂದರೆ ಮೊದಲು ಬೇರೆ ಸಾಧನದಿಂದ ಖಾತೆ ತೆರೆದು, 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಅನ್ನುವುದನ್ನು ಒತ್ತಿ. ಆಗ ಹಳೆಯ ಟೋಕನ್‌ಗಳು ರದ್ದಾಗುತ್ತವೆ. ಆಮೇಲೆ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

'ಅಕ್ಸೆಪ್ಟ್ ಆಲ್' ಒತ್ತದಿದ್ದರೆ ಸೈಟ್ ತೆರೆಯುವುದಿಲ್ಲವಾ?

ಬಹುಪಾಲು ತೆರೆಯುತ್ತದೆ. 'ರಿಜೆಕ್ಟ್ ಆಲ್' ಇದ್ದರೆ ಅದನ್ನೇ ಒತ್ತಿ. ಲಾಗಿನ್, ಬುಟ್ಟಿ ಎಲ್ಲಾ ಕೆಲಸ ಮಾಡುತ್ತಲೇ ಇರುತ್ತವೆ, ಯಾಕೆಂದರೆ ಅಗತ್ಯದ ಕುಕೀಗಳನ್ನು ಅದು ಮುಟ್ಟುವುದಿಲ್ಲ.

ತೊಂದರೆ ಏನೆಂದರೆ, ಒಪ್ಪುವ ಬಟನ್ ದೊಡ್ಡದಾಗಿ, ಬಣ್ಣ ಬಳಿದುಕೊಂಡು ಎದುರಿಗೆ ನಿಂತಿರುತ್ತದೆ. ಬೇಡ ಅನ್ನುವುದು 'ಮ್ಯಾನೇಜ್' ಅಂತಲೋ 'ಮೋರ್ ಆಪ್ಷನ್ಸ್' ಅಂತಲೋ ಮಸುಕಾದ ಅಕ್ಷರದಲ್ಲಿ ಅವಿತಿರುತ್ತದೆ. ಒಳಗೆ ಹೋದರೆ ಇನ್ನೊಂದಷ್ಟು ಗುಂಡಿಗಳು. ಜನ ಸುಸ್ತಾಗಿ ಒಪ್ಪಲಿ ಅಂತಲೇ ಹೀಗೆ ಮಾಡುವುದು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಯುರೋಪಿನವರು ಇದನ್ನು ಸುಮ್ಮನೆ ಬಿಟ್ಟಿಲ್ಲ. ಅಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣಾ ಕಾನೂನು ಜಾರಿಯಲ್ಲಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಅನ್ನಲು ಆಗುವುದಿಲ್ಲ ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು. 2022ರ ಜನವರಿಯಲ್ಲಿ ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಗೂಗಲ್‌ಗೆ 15 ಕೋಟಿ ಯುರೋ, ಫೇಸ್‌ಬುಕ್‌ಗೆ 6 ಕೋಟಿ ಯುರೋ ದಂಡ ಹಾಕಿರುವುದಾಗಿ ಪ್ರಕಟಿಸಿತು. ಕಾರಣ ಇದೇ: ಒಪ್ಪಲು ಒಂದೇ ಕ್ಲಿಕ್, ಬೇಡ ಅನ್ನಲು ಹಲವು ಕ್ಲಿಕ್. ಈಗ ಎಷ್ಟೋ ಸೈಟುಗಳಲ್ಲಿ ರಿಜೆಕ್ಟ್ ಬಟನ್ ಎದುರಿಗೇ ಕಾಣುತ್ತದಲ್ಲ, ಅದರ ಹಿಂದೆ ಇಂಥ ತೀರ್ಪು, ದಂಡಗಳ ಬಲವಿದೆ.

ಬ್ರೌಸರಿನ ಖಾಸಗಿ ಕಿಟಕಿ ಇದೆಯಲ್ಲ, ಇನ್‌ಕಾಗ್ನಿಟೊ, ಅದರಲ್ಲಿ ತೆರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಕಿಟಕಿ ಮುಚ್ಚಿದಾಗ ಆ ಹೊತ್ತಿನ ಕುಕೀ, ಹಿಸ್ಟರಿ ಅಳಿಸಿಹೋಗುತ್ತವೆ. ಅವತ್ತು ರಾತ್ರಿ ನಾನು ಇನ್‌ಕಾಗ್ನಿಟೊದಲ್ಲಿ ಓದಿದ್ದರೆ ಅಮ್ಮ ಹಾಗೆ ಕೇಳುವ ಪ್ರಸಂಗ ಬಹುಶಃ ಬರುತ್ತಿರಲಿಲ್ಲ. ಆದರೆ ನೀವು ಹೋದ ಸೈಟಿಗೆ, ನಿಮ್ಮ ಇಂಟರ್‌ನೆಟ್ ಕಂಪನಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನೀವು ಕಾಣುತ್ತೀರಿ. ಅಲ್ಲೇ ಜಿಮೇಲ್‌ಗೆ ಲಾಗಿನ್ ಆದರಂತೂ ನೀವೇ ಹೆಸರು ಹೇಳಿದ ಹಾಗೆ. ಈ ವಿಷಯವಾಗಿ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಿದ್ದರು. 2024ರಲ್ಲಿ ರಾಜಿಯಾದಾಗ, ಇನ್‌ಕಾಗ್ನಿಟೊ ಬಳಸಿದವರಿಗೆ ಸಂಬಂಧಿಸಿದ ಅಪಾರ ದಾಖಲೆಗಳನ್ನು ಅಳಿಸಲು ಗೂಗಲ್ ಒಪ್ಪಿತು.

ಸರಿ, ಈಗ ನಾನು ಏನು ಮಾಡಬೇಕು? ಸುಲಭವಾಗಿ ಹೇಳಿ.

ಒಂದೇ ಒಂದು ಕೆಲಸ ಮಾಡುವುದಾದರೆ ಥರ್ಡ್ ಪಾರ್ಟಿ ಕುಕೀಗಳಿಗೆ ಬಾಗಿಲು ಹಾಕಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಬಲಮೂಲೆಯ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಅಲ್ಲಿ ಥರ್ಡ್ ಪಾರ್ಟಿ ಕುಕೀಸ್ ಸಿಗುತ್ತದೆ. ಬ್ಲಾಕ್ ಅನ್ನುವುದನ್ನು ಆರಿಸಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಕೆಳಗೆ ಸೈಟ್ ಸೆಟ್ಟಿಂಗ್ಸ್ ಒಳಗೆ ಹುಡುಕಿ. ಎರಡು ನಿಮಿಷದ ಕೆಲಸ. ಯಾವುದಾದರೂ ಪೇಮೆಂಟ್ ಪುಟ ತಕರಾರು ಮಾಡಿದರೆ ಆ ಸೈಟಿಗೆ ಮಾತ್ರ ಬಿಡಬಹುದು.

ಆಪಲ್‌ನ ಸಫಾರಿ ಬ್ರೌಸರ್ ಬಳಸುವವರು ನಿಶ್ಚಿಂತೆಯಿಂದಿರಿ. ಅದು 2020ರ ಮಾರ್ಚ್‌ನಿಂದಲೇ ಥರ್ಡ್ ಪಾರ್ಟಿ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ ಬ್ರೌಸರ್ 2019ರಿಂದ ಗೊತ್ತಿರುವ ಟ್ರ್ಯಾಕರ್‌ಗಳನ್ನು, ಅಂದರೆ ಹಿಂಬಾಲಿಸುವವರನ್ನು, ತಾನಾಗಿಯೇ ತಡೆಯುತ್ತದೆ. 2022ರಿಂದ ಪ್ರತಿ ಸೈಟಿಗೂ ಬೇರೆ ಬೇರೆ ಕುಕೀ ಡಬ್ಬಿ ಇಟ್ಟುಬಿಟ್ಟಿದೆ. ಬಳೆ ಅಂಗಡಿಯಲ್ಲಿ ಕೊಟ್ಟ ಟೋಕನ್ ಪಾತ್ರೆ ಅಂಗಡಿಯಲ್ಲಿ ಕಾಣುವುದೇ ಇಲ್ಲ. ನನ್ನ ಫೋನಿನಲ್ಲಿ ನಾನು ಬಳಸುವುದು ಫೈರ್‌ಫಾಕ್ಸ್, ಅದರ ಜೊತೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಅನ್ನುವ ಎಕ್ಸ್‌ಟೆನ್ಶನ್. ಪುಕ್ಕಟೆ ಸಿಗುತ್ತದೆ, ಪುಟವೂ ಬೇಗ ತೆರೆಯುತ್ತದೆ, ಡೇಟಾ ಕೂಡ ಉಳಿಯುತ್ತದೆ. ಕ್ರೋಮ್‌ನಲ್ಲಾದರೆ ಈಗ ಅದರ 'ಲೈಟ್' ಆವೃತ್ತಿ ಮಾತ್ರ ಸಿಗುವುದು.

ಕ್ರೋಮ್ ಥರ್ಡ್ ಪಾರ್ಟಿ ಕುಕೀಗಳನ್ನು ತೆಗೆದೇ ಬಿಡುತ್ತದೆ ಅಂತ ಸುದ್ದಿ ಓದಿದ್ದೆ?

ಹೌದು, ಎರಡು ವರ್ಷದಲ್ಲಿ ತೆಗೆಯುತ್ತೇವೆ ಅಂತ ಗೂಗಲ್ 2020ರ ಜನವರಿಯಲ್ಲಿ ಹೇಳಿತ್ತು. ಮುಂದೂಡಿತು, ಮತ್ತೆ ಮುಂದೂಡಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಹಾಗಾಗಿ ಕ್ರೋಮ್‌ನಲ್ಲಿ ಈ ಕೆಲಸ ನೀವೇ ಮಾಡಬೇಕು.

ಎಲ್ಲ ಕುಕೀ ಅಳಿಸಿದರೆ ಏನಾದರೂ ಹೋಗುತ್ತದಾ?

ಫೋಟೊ, ಫೈಲ್ ಏನೂ ಹೋಗುವುದಿಲ್ಲ. ಎಲ್ಲ ಸೈಟುಗಳಿಂದ ಲಾಗ್‌ಔಟ್ ಆಗುತ್ತೀರಿ. ಪಾಸ್‌ವರ್ಡ್ ನೆನಪಿದೆಯಾ ನೋಡಿಕೊಂಡು ಅಳಿಸಿ.

ನಾನು ಬ್ರೌಸರ್ ಬಳಸುವುದೇ ಕಮ್ಮಿ, ಎಲ್ಲಾ ಆಪ್‌ನಲ್ಲೇ. ಅಲ್ಲೂ ಕುಕೀ ಇದೆಯಾ?

ಆಪ್‌ಗಳ ಲೋಕದಲ್ಲಿ ಆ ಕೆಲಸಕ್ಕೆ ಬೇರೆ ವ್ಯವಸ್ಥೆ ಇದೆ. ಫೋನಿಗೇ ಒಂದು ಜಾಹೀರಾತು ಐಡಿ ಇರುತ್ತದೆ. ಬೇರೆ ಬೇರೆ ಆಪ್‌ಗಳು ಅದೇ ನಂಬರನ್ನು ಓದುತ್ತವೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಗೂಗಲ್, ಅಲ್ಲಿ ಆಡ್ಸ್ ಅಂತ ಹುಡುಕಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಫೋನಿನಿಂದ ಫೋನಿಗೆ ಜಾಗ ಸ್ವಲ್ಪ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಆಡ್ಸ್ ಅಂತ ಬರೆಯಿರಿ. ಐಫೋನ್‌ನಲ್ಲಿ 2021ರ ಏಪ್ರಿಲ್‌ನಿಂದ ಆಪ್‌ಗಳು ಹಿಂಬಾಲಿಸುವ ಮೊದಲು ಕೇಳಲೇಬೇಕು. 'ಆಸ್ಕ್ ಆಪ್ ನಾಟ್ ಟು ಟ್ರ್ಯಾಕ್' ಅಂತ ಬಂದಾಗ ಯೋಚನೆ ಮಾಡದೆ ಅದನ್ನೇ ಒತ್ತಿ.

ಕುಕೀ ತಡೆದರೆ ಪೂರ್ತಿ ಪಾರಾದ ಹಾಗಾ?

ಪೂರ್ತಿ ಅಲ್ಲ. ಟೋಕನ್ ಇಲ್ಲದಿದ್ದರೂ ನಡಿಗೆ ನೋಡಿ ಗುರುತು ಹಿಡಿಯುವವರು ಇರುತ್ತಾರಲ್ಲ, ಹಾಗೆ. ನಿಮ್ಮ ಬ್ರೌಸರಿನ ಆವೃತ್ತಿ, ಪರದೆಯ ಅಳತೆ, ಟೈಮ್ ಝೋನ್, ಹಾಕಿಕೊಂಡಿರುವ ಫಾಂಟ್‌ಗಳು, ಇವೆಲ್ಲ ಸೇರಿದರೆ ಅದೇ ಒಂದು ಬೆರಳಚ್ಚು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಹೀಗೆ ಪರೀಕ್ಷಿಸಿತು. ಅದರಲ್ಲಿ 83.6% ಬ್ರೌಸರುಗಳ ಅಚ್ಚು ಮತ್ತೊಂದಕ್ಕೆ ಹೊಂದಲಿಲ್ಲ. ಅವರದೇ 'ಕವರ್ ಯುವರ್ ಟ್ರ್ಯಾಕ್ಸ್' ಸೈಟಿನಲ್ಲಿ ನಿಮ್ಮ ಬ್ರೌಸರನ್ನೂ ಪರೀಕ್ಷೆ ಮಾಡಿಕೊಳ್ಳಬಹುದು. ಕಂಡಕಂಡ ಎಕ್ಸ್‌ಟೆನ್ಶನ್ ತುಂಬಿಕೊಳ್ಳಬೇಡಿ, ಅದು ನಿಮ್ಮ ಅಚ್ಚನ್ನು ಇನ್ನೂ ಜಾಸ್ತಿ ಬೇರೆ ಮಾಡುತ್ತದೆ.

ವಿಪಿಎನ್ ಹಾಕಿದರೆ?

ವಿಪಿಎನ್ ಅಂದರೆ ನಿಮ್ಮ ಇಂಟರ್‌ನೆಟ್ ಓಡಾಟವನ್ನು ಇನ್ನೊಂದು ಕಂಪನಿಯ ಮೂಲಕ ಕಳಿಸುವ ಸೇವೆ. ಅದು ನಿಮ್ಮ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ನಂಬರು) ಮುಚ್ಚುತ್ತದೆ, ಕುಕೀಯನ್ನಲ್ಲ. ಜೇಬಿನಲ್ಲಿ ಟೋಕನ್ ಇಟ್ಟುಕೊಂಡು ಬೇರೆ ಬಾಗಿಲಿನಿಂದ ಹೋದ ಹಾಗೆ. ಪುಕ್ಕಟೆ ವಿಪಿಎನ್ ಅಂತೂ ಬೇಡವೇ ಬೇಡ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇಲ್ಲವಾ?

ಇದೆ, ಅದರ ಹಿಂದೆ ನಮ್ಮ ನಾಡಿನವರೇ ಒಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತರಗತಿಯಲ್ಲಿ ಅವರ ಹೆಸರು ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಾಯ್ದೆಯಲ್ಲಿ ಕುಕೀ ಅನ್ನುವ ಪದವಿಲ್ಲ. ಆದರೆ ಕುಕೀ ಮೂಲಕ ನಿಮ್ಮ ವೈಯಕ್ತಿಕ ಮಾಹಿತಿ ತೆಗೆದುಕೊಂಡರೆ ಅದಕ್ಕೂ ಇದೇ ಕಾಯ್ದೆ ಅನ್ವಯಿಸುತ್ತದೆ. ಕೊಟ್ಟ ಒಪ್ಪಿಗೆಯನ್ನು ಎಷ್ಟು ಸುಲಭವಾಗಿ ಕೊಟ್ಟಿದ್ದಿರೋ ಅಷ್ಟೇ ಸುಲಭವಾಗಿ ವಾಪಸ್ ಪಡೆಯುವ ಹಕ್ಕು ಇದರಲ್ಲಿದೆ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲೂ. ಅರ್ಥವಾಗದ ಭಾಷೆಯ ಪುಟದ ಕೆಳಗೆ ಒತ್ತಿದ ಬಟನ್ ಅನ್ನು ಒಪ್ಪಿಗೆ ಅಂತ ಹೇಗೆ ಅನ್ನುವುದು? ಹೊಣೆಗಳು ಜಾರಿಗೆ ಬಂದ ಮೇಲೂ ಕನ್ನಡದ ಆಯ್ಕೆ ಕಾಣದಿದ್ದರೆ ಕೇಳಿ, ಬರೆಯಿರಿ.

ಮಕ್ಕಳ ವಿಷಯ ಏನು?

ಇದೇ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರನ್ನು ಹಿಂಬಾಲಿಸುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು, ಕೆಲವು ವಿನಾಯಿತಿ ಬಿಟ್ಟರೆ, ನಿಷಿದ್ಧ. ಆದರೆ ಮಗು ಆಡುವುದು ಅಮ್ಮನ ಫೋನಿನಲ್ಲಿ, ಅಮ್ಮನ ಖಾತೆಯಲ್ಲಿ. ಸೈಟಿಗೆ ಅದು ಮಗು ಅಂತ ಗೊತ್ತಾಗುವುದೇ ಇಲ್ಲ. ಮಗುವಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸುವಾಗ ಏನು ನೋಡಿಕೊಳ್ಳಬೇಕು?

ಸೇವಾ ಸಿಂಧು ಅರ್ಜಿ, ಸ್ಕಾಲರ್‌ಶಿಪ್, ಸಿಇಟಿ ಫಾರಂ ಅಂತ ನಮ್ಮಲ್ಲಿ ಬಹಳ ಜನ ಹೋಗುವುದು ಅಲ್ಲಿಗೇ. ದಿನಕ್ಕೆ ಎಷ್ಟೋ ಜನ ಕೂರುವ ಕಂಪ್ಯೂಟರ್ ಅದು. ಕಿಟಕಿ ಮುಚ್ಚಿದರೆ ಲಾಗ್‌ಔಟ್ ಆಯಿತು ಅಂದುಕೊಳ್ಳಬೇಡಿ, ನಿಮ್ಮ ಟೋಕನ್ ಅದರಲ್ಲೇ ಉಳಿದಿರಬಹುದು. ಕೂರುವ ಮೊದಲೇ "ಸ್ವಲ್ಪ ಇನ್‌ಕಾಗ್ನಿಟೊದಲ್ಲಿ ತೆಗೆಯಪ್ಪ" ಅನ್ನಿ. ಪಾಸ್‌ವರ್ಡ್ ಸೇವ್ ಮಾಡಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಕೆಲಸ ಮುಗಿದ ಮೇಲೆ ಸೈಟಿನ ಒಳಗಿರುವ ಲಾಗ್‌ಔಟ್ ಒತ್ತಿ. ಡೌನ್‌ಲೋಡ್ ಆದ ಆಧಾರ್, ಅಂಕಪಟ್ಟಿಯ ಪಿಡಿಎಫ್‌ಗಳನ್ನು ನಿಮ್ಮ ಎದುರಿಗೇ ಅಳಿಸಲು ಹೇಳಿ, ರೀಸೈಕಲ್ ಬಿನ್‌ನಿಂದಲೂ. ಸಂಕೋಚ ಬೇಡ. ಎಲ್ಲಾ ಅಳಿಸಿದ್ದು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಟ್ಟು ಎದ್ದು ಬನ್ನಿ.